ಟೈರಿಗೆ ಕೊಡುವ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಪೆಟ್ರೋಲ್ ಕಾರು. ನಾಲ್ಕೂ ಟೈರುಗಳ ಬಟನ್ ಸವೆದಿದೆ, ಈ ಮಳೆಗಾಲಕ್ಕೆ ಮೊದಲೇ ಬದಲಿಸಬೇಕು. ಅಳತೆ 185/65 ಆರ್ 15. ಅಂಗಡಿಯಲ್ಲಿ ದೇಶೀ ಕಂಪನಿಯ ಟೈರಿಗೆ ಒಂದಕ್ಕೆ ಐದು ಸಾವಿರ ಹೇಳಿದರು, ವಿದೇಶಿ ಕಂಪನಿಯದಕ್ಕೆ ಎಂಟು ಸಾವಿರ. ವರ್ಷಕ್ಕೆ ಸುಮಾರು 12 ಸಾವಿರ ಕಿಲೋಮೀಟರ್ ಓಡಿಸುತ್ತೇವೆ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವುದಿದೆ, ಉಳಿದದ್ದೆಲ್ಲ ಹಾಸನದ ಒಳಗೆ ಮತ್ತು ಸುತ್ತಮುತ್ತ. ದುಬಾರಿ ಟೈರು ಹಾಕಿಸಿದರೆ ಮೈಲೇಜೂ ಹೆಚ್ಚು, ಬಾಳಿಕೆಯೂ ಹೆಚ್ಚು, ಹಾಕಿದ ಹಣ ವಾಪಸ್ ಬರುತ್ತದೆ ಎನ್ನುತ್ತಾರೆ. ನಿಜವೇ? — ಓದುಗರೊಬ್ಬರು, ಹಾಸನ

ಉತ್ತರ: ಹಣ ವಾಪಸ್ ಬರುತ್ತದೆ ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಅದು ಪೂರ್ತಿ ಬರುವುದಿಲ್ಲ. ಆದರೂ ನಿಮ್ಮ ವಿಷಯದಲ್ಲಿ ಆ ಹೆಚ್ಚಿನ ಹಣ ಕೊಡುವುದಕ್ಕೆ ಒಳ್ಳೆಯ ಕಾರಣವೊಂದಿದೆ. ಅದು ಮೈಲೇಜೂ ಅಲ್ಲ, ಬಾಳಿಕೆಯೂ ಅಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದು.

ಲೆಕ್ಕ ಬಿಡಿಸೋಣ. ನಾಲ್ಕು ಟೈರಿಗೆ 20 ಸಾವಿರ ಒಂದು ಕಡೆ, 32 ಸಾವಿರ ಇನ್ನೊಂದು ಕಡೆ. ಎರಡೂ ನಾಲ್ಕು ವರ್ಷ, 48 ಸಾವಿರ ಕಿಲೋಮೀಟರ್ ಬಾಳುತ್ತವೆ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ ಕಿಲೋಮೀಟರಿಗೆ 42 ಪೈಸೆ ಬೀಳುತ್ತದೆ, ಎರಡನೆಯದಕ್ಕೆ 67 ಪೈಸೆ. ವ್ಯತ್ಯಾಸ 25 ಪೈಸೆ. ಇನ್ನು ಪೆಟ್ರೋಲ್. ಕಾರು ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ, ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ವರ್ಷದ ಪೆಟ್ರೋಲ್ ಖರ್ಚು ಸುಮಾರು 66,700 ರೂಪಾಯಿ. ಟೈರಿನ ಉರುಳು ಪ್ರತಿರೋಧ, ಅಂದರೆ ಉರುಳುವಾಗ ಅದು ಒಡ್ಡುವ ತಡೆ, ಹತ್ತು ಶೇಕಡ ಇಳಿದರೆ ಇಂಧನ ಉಳಿಯುವುದು ಒಂದರಿಂದ ಎರಡು ಶೇಕಡ ಮಾತ್ರ. ಎರಡು ಶೇಕಡವೇ ಉಳಿಯಿತು ಎಂದುಕೊಂಡರೂ ವರ್ಷಕ್ಕೆ 1,300 ರೂಪಾಯಿ ಚಿಲ್ಲರೆ, ನಾಲ್ಕು ವರ್ಷಕ್ಕೆ 5,300 ರೂಪಾಯಿ. ನೀವು ಹೆಚ್ಚಿಗೆ ಕೊಟ್ಟದ್ದು 12 ಸಾವಿರ. ಅರ್ಧದಷ್ಟೂ ತೀರಲಿಲ್ಲ. ಅದೂ ಆ ದುಬಾರಿ ಟೈರು ನಿಜಕ್ಕೂ ಕಡಿಮೆ ಪ್ರತಿರೋಧದ್ದಾಗಿದ್ದರೆ, ಎಲ್ಲವೂ ಹಾಗಿರುವುದಿಲ್ಲ. ಹಿಡಿತಕ್ಕೆಂದೇ ಮಾಡಿದ ಕೆಲವು ದುಬಾರಿ ಟೈರುಗಳು ಪೆಟ್ರೋಲನ್ನು ತುಸು ಹೆಚ್ಚೇ ಕುಡಿಯುತ್ತವೆ.

ಬಾಳಿಕೆಯ ಮಾತೂ ಹಾಗೆಯೇ. ಟೈರು ಎಷ್ಟು ಓಡುತ್ತದೆ ಎನ್ನುವುದನ್ನು ಬ್ರ್ಯಾಂಡಿನಷ್ಟೇ, ಹಲವು ಸಲ ಅದಕ್ಕಿಂತ ಹೆಚ್ಚಾಗಿ, ಗಾಳಿಯ ಒತ್ತಡ, ಅಲೈನ್‌ಮೆಂಟ್, ಮತ್ತು ಓಡಿಸುವವರ ಕಾಲು ತೀರ್ಮಾನಿಸುತ್ತವೆ. ಅಲೈನ್‌ಮೆಂಟ್ ತಪ್ಪಿದ ಕಾರಿನಲ್ಲಿ ಎಂಟು ಸಾವಿರದ ಟೈರೂ ಒಳ ಅಂಚಿನಲ್ಲಿ ಬೋಳಾಗುತ್ತದೆ. ಕೆಲವು ಟೈರುಗಳ ಪಕ್ಕದಲ್ಲಿ ಟ್ರೆಡ್‌ವೇರ್ 300, 400 ಎಂದು ಅಚ್ಚೊತ್ತಿರುತ್ತದೆ. ಇದು ಅಮೆರಿಕದ ಪದ್ಧತಿ. ಆ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಬಂದೀತೇ ಹೊರತು ಎರಡು ಕಂಪನಿಗಳದ್ದನ್ನು ಹೋಲಿಸಲು ಅದನ್ನು ನಂಬಬೇಡಿ.

ಈಗ ನನ್ನ ಮುಖ್ಯ ಕಾರಣಕ್ಕೆ ಬರುತ್ತೇನೆ.

ಸಾವಿರ ಕಿಲೋ ಮೀರಿದ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ನಾಲ್ಕು ಜಾಗಗಳಲ್ಲಿ, ಒಂದೊಂದೂ ಅಂಗೈಯಷ್ಟು. ನೀವು ಬ್ರೇಕ್ ಒತ್ತಿದಾಗ ಬ್ರೇಕ್ ಚಕ್ರವನ್ನು ಹಿಡಿಯುತ್ತದೆ, ಕಾರನ್ನು ಹಿಡಿಯುವುದು ಆ ನಾಲ್ಕು ಅಂಗೈಗಳು. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಬಹಳ ಮಂದಿ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಸ್ಟಿಯರಿಂಗ್ ನಿಮ್ಮ ಮಾತು ಕೇಳುವಂತೆ ಇಡುತ್ತದೆ. ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಒದ್ದೆ ಡಾಂಬರಿನ ಮೇಲೆ ಘರ್ಷಣೆಯ ಪ್ರಮಾಣ ಒಂದು ಟೈರಿಗೆ 0.8, ಇನ್ನೊಂದಕ್ಕೆ 0.6 ಎಂದುಕೊಳ್ಳಿ. ಒಳ್ಳೆಯ ಹೊಸ ಟೈರಿಗೂ ಸಾಧಾರಣ ಅಥವಾ ಸವೆದ ಟೈರಿಗೂ ಇಂಥ ಅಂತರ ಇರುವುದು ಸಾಧ್ಯ. ಎರಡೂ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಕ್ಕಪಕ್ಕ ಹೋಗುತ್ತಿವೆ, ಒಂದೇ ಕ್ಷಣಕ್ಕೆ ಪೂರ್ತಿ ಬ್ರೇಕ್ ಬಿತ್ತು. ಮೊದಲನೆಯದು ಸುಮಾರು 31 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 42 ಮೀಟರ್ ಬೇಕು. ಹತ್ತು ಹನ್ನೊಂದು ಮೀಟರ್ ತಾನೇ ಎನಿಸಬಹುದು. ಆದರೆ ಮೊದಲ ಕಾರು ನಿಂತ ಜಾಗವನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 40 ಕಿಲೋಮೀಟರ್ ಇರುತ್ತದೆ. ಇದು ಪಿಯುಸಿ ಭೌತಶಾಸ್ತ್ರದ ಸೂತ್ರದಿಂದ ಯಾರು ಬೇಕಾದರೂ ಹಾಕಿ ನೋಡಬಹುದಾದ ಲೆಕ್ಕ. ಒಬ್ಬರು ಎದುರಿನ ಲಾರಿಯ ಹಿಂದೆ ಎದೆ ಬಡಿದುಕೊಳ್ಳುತ್ತ ನಿಂತಿರುವಾಗ ಇನ್ನೊಬ್ಬರು 40ರ ವೇಗದಲ್ಲಿ ಅದೇ ಲಾರಿಗೆ ಗುದ್ದಿರುತ್ತಾರೆ. ಟೈರು ಕೊಳ್ಳುವಾಗ ನಾನು ಹಣ ಕೊಡಬೇಕು ಎನ್ನುವುದು ಈ ಅಂತರಕ್ಕೆ.

ಅದೇ ಲೆಕ್ಕವನ್ನು 40ರ ವೇಗಕ್ಕೆ ಹಾಕಿದರೆ ಒಂದು ಕಾರು ಸುಮಾರು ಎಂಟು ಮೀಟರಿನಲ್ಲಿ ನಿಲ್ಲುತ್ತದೆ, ಇನ್ನೊಂದು ಹತ್ತೂವರೆ ಮೀಟರಿನಲ್ಲಿ. ಅಂತರ ಎರಡೂವರೆ ಮೀಟರ್. ಪೇಟೆಯೊಳಗೆ ಮಾತ್ರ ಓಡಾಡುವ ಕಾರಿಗೂ ಹೆದ್ದಾರಿ, ಘಾಟಿ ಹತ್ತಿಳಿಯುವ ಕಾರಿಗೂ ಒಂದೇ ಸಲಹೆ ಹೊಂದುವುದಿಲ್ಲ ಎನ್ನುವುದು ಇದಕ್ಕೇ.

ಒದ್ದೆ ಹಿಡಿತಕ್ಕೂ ಬೆಲೆಗೂ ಏನು ಸಂಬಂಧ? ಹೊರಗಿನಿಂದ ನೋಡಿದರೆ ಎಲ್ಲ ಟೈರೂ ಒಂದೇ ಕಪ್ಪು. ವ್ಯತ್ಯಾಸ ರಬ್ಬರಿನೊಳಗೆ ಇದೆ. ನಿಮ್ಮ ಅಳತೆಯ ಟೈರು ಒಂದು ಸುತ್ತು ಉರುಳಿದರೆ ಎರಡು ಮೀಟರಿಗೆ ತುಸು ಕಡಿಮೆ ದೂರ ಸಾಗುತ್ತದೆ. 80ರ ವೇಗದಲ್ಲಿ ರಬ್ಬರಿನ ಪ್ರತಿಯೊಂದು ಭಾಗವೂ ಸೆಕೆಂಡಿಗೆ ಹನ್ನೊಂದು ಸಲ ರಸ್ತೆಗೆ ಒತ್ತಿ ಚಪ್ಪಟೆಯಾಗಿ ಮತ್ತೆ ಎದ್ದುಕೊಳ್ಳುತ್ತದೆ. 48 ಸಾವಿರ ಕಿಲೋಮೀಟರ್ ಮುಗಿಯುವಾಗ ಎರಡೂವರೆ ಕೋಟಿ ಸಲದ ಹತ್ತಿರ. ಹೀಗೆ ಮಡಿಚಿ ಎದ್ದಾಗಲೆಲ್ಲ ಸ್ವಲ್ಪ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಪೆಟ್ರೋಲ್ ಕುಡಿಯುವುದು ಇದೇ. ಇದನ್ನು ತಗ್ಗಿಸಬೇಕಾದರೆ ರಬ್ಬರು ಶಕ್ತಿಯನ್ನು ನುಂಗದೆ ವಾಪಸ್ ಕೊಡಬೇಕು. ಆದರೆ ಬ್ರೇಕ್ ಒತ್ತಿದಾಗ ಆಗಬೇಕಾದದ್ದು ಇದರ ತದ್ವಿರುದ್ಧ. ರಸ್ತೆಯ ಜಲ್ಲಿಯ ಸಣ್ಣಸಣ್ಣ ಮೊನೆಗಳ ಮೇಲೆ ಜಾರುವ ರಬ್ಬರು ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ, ಆ ಅದುರಾಟದಲ್ಲಿ ಅದು ಶಕ್ತಿಯನ್ನು ನುಂಗಿದಷ್ಟೂ ಹಿಡಿತ ಹೆಚ್ಚು. ನಿಧಾನದ ಮಡಿಚುವಿಕೆಯಲ್ಲಿ ನುಂಗಬಾರದು, ವೇಗದ ಅದುರಾಟದಲ್ಲಿ ನುಂಗಬೇಕು. ಒಂದೇ ರಬ್ಬರಿನಿಂದ ಈ ಎರಡನ್ನೂ ಮಾಡಿಸುವುದು ಬಹಳ ಕಾಲ ಆಗದ ಮಾತಾಗಿತ್ತು.

ಟೈರಿಗೆ ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ. ರಬ್ಬರಿಗೆ ಗಟ್ಟಿತನ ಕೊಡುವುದೂ ಅದೇ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ಈ ಮಸಿಯ ಬಹುಭಾಗವನ್ನು ತೆಗೆದು ಸಿಲಿಕಾ ಸೇರಿಸಿದ ಕಾರ್ ಟೈರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾ ಎಂದರೆ ಮರಳಿನ ಮೂಲದ್ರವ್ಯ, ಅತಿ ನುಣುಪಾದ ಪುಡಿಯ ರೂಪದಲ್ಲಿ. ಅದರಿಂದ ಉರುಳು ಪ್ರತಿರೋಧವೂ ಇಳಿಯಿತು, ಒದ್ದೆ ಹಿಡಿತವೂ ಏರಿತು. ಆದರೆ ಸಿಲಿಕಾ ರಬ್ಬರಿನ ಜೊತೆ ತಾನಾಗಿ ಬೆರೆಯುವ ವಸ್ತುವಲ್ಲ. ಎರಡನ್ನೂ ಹಿಡಿದಿಡಲು ಸಿಲೇನ್ ಎಂಬ ರಾಸಾಯನಿಕ ಬೇಕು, ಹಲವು ಹಂತಗಳಲ್ಲಿ ಉಷ್ಣತೆಯನ್ನು ಹದವಾಗಿಟ್ಟು ಕಲಸಬೇಕು, ಮಸಿ ಕಲಸಿದಷ್ಟು ಬೇಗ ಮುಗಿಯುವುದಿಲ್ಲ. ದುಬಾರಿ ಟೈರಿನ ಬೆಲೆಯಲ್ಲಿ ಒಂದು ಪಾಲು ನಿಜವಾಗಿ ಹೋಗುವುದು ಈ ಕಲಸುವ ಕೆಲಸಕ್ಕೆ, ಅದರ ಹಿಂದಿನ ಸಂಶೋಧನೆಗೆ. ಇನ್ನೊಂದು ಪಾಲು ಹೆಸರಿಗೆ, ಜಾಹೀರಾತಿಗೆ, ಆಮದಿಗೆ. 2020ರ ಜೂನ್‌ನಿಂದ ಕಾರ್ ಟೈರುಗಳ ಆಮದಿಗೆ ಸರ್ಕಾರದ ಪರವಾನಗಿ ಬೇಕು. ಹೊರಗಿನಿಂದ ಬರುವ ಕೆಲವು ಅಳತೆಗಳು ಸಿಗುವುದು ಕಷ್ಟ, ಸಿಕ್ಕಿದರೂ ಬೆಲೆ ಹೆಚ್ಚು. ವಿದೇಶಿ ಹೆಸರು ಇದ್ದ ಮಾತ್ರಕ್ಕೆ ಟೈರು ಹಡಗಿನಲ್ಲಿ ಬಂದದ್ದು ಎಂದೇನಲ್ಲ. ಜಪಾನಿನ ಬ್ರಿಜ್‌ಸ್ಟೋನ್‌ಗೆ ಪುಣೆಯ ಬಳಿಯೂ ಇಂದೋರಿನ ಬಳಿಯೂ ಕಾರ್ಖಾನೆಗಳಿವೆ.

ದೇಶೀ ಕಂಪನಿಗಳೂ ಸುಮ್ಮನೆ ಕೂತಿಲ್ಲ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆ.ಕೆ. ಎಲ್ಲರ ಸಂಶೋಧನಾ ವಿಭಾಗಗಳೂ ಬೆಳೆದಿವೆ. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು 1997ರಲ್ಲಿ ವಹಿಸಿಕೊಂಡ ಜೆ.ಕೆ. ಟೈರಿನ ಸಂಶೋಧನಾ ಕೇಂದ್ರ ಇವತ್ತು ಮೈಸೂರಿನಲ್ಲೇ ಇದೆ. ಅಪೊಲೊ ಕಂಪನಿ 2009ರಲ್ಲಿ ನೆದರ್ಲೆಂಡ್ಸಿನ ವ್ರೆಡೆಸ್ಟೈನ್ ಬ್ರ್ಯಾಂಡನ್ನೇ ಕೊಂಡುಕೊಂಡಿತು. ಸಿಲಿಕಾ ಇವತ್ತು ದೇಶೀ ಕಂಪನಿಗಳ ಮೇಲ್ದರ್ಜೆಯ ಟೈರುಗಳಲ್ಲೂ ಇದೆ. ಹೀಗಾಗಿ ಅಂಗಡಿಯಲ್ಲಿ ದೇಶೀ, ವಿದೇಶಿ ಎಂದು ವಿಂಗಡಿಸಿ ಕೇಳುವುದಕ್ಕಿಂತ ಆಯಾ ಕಂಪನಿಯ ಯಾವ ಪ್ಯಾಟರ್ನ್ ಎಂದು ಕೇಳುವುದೇ ಸರಿ. ಪ್ರತಿ ಕಂಪನಿಯಲ್ಲೂ ಬಾಳಿಕೆಗೆಂದು ಮಾಡಿದ ಗಟ್ಟಿ ರಬ್ಬರಿನ ಅಗ್ಗದ ಟೈರು ಇರುತ್ತದೆ, ಹಿಡಿತ ಮತ್ತು ಸದ್ದಿಲ್ಲದ ಓಟಕ್ಕೆಂದು ಮಾಡಿದ ಮೇಲ್ದರ್ಜೆಯದೂ ಇರುತ್ತದೆ. ಟ್ಯಾಕ್ಸಿಯವರು ಕೇಳುವುದು ಮೊದಲನೆಯದನ್ನು, ಅವರ ಓಟಕ್ಕೆ ಅದು ಸರಿ. ನೀವು ವಿದೇಶಿ ಕಂಪನಿಯ ಅತಿ ಅಗ್ಗದ ಟೈರಿಗೆ ಹೆಸರಿನ ಬೆಲೆ ಕೊಡುವುದಕ್ಕಿಂತ ದೇಶೀ ಕಂಪನಿಯ ಮೇಲ್ದರ್ಜೆಯದನ್ನು ಆರಿಸುವುದು ಒಳ್ಳೆಯದು.

ಯಾವುದು ಎಷ್ಟು ಒಳ್ಳೆಯದು ಎಂದು ತಿಳಿಯುವುದು ಹೇಗೆ? ಯುರೋಪಿನಲ್ಲಿ ಇದು ಸುಲಭ. 2012ರ ನವೆಂಬರ್‌ನಿಂದ ಅಲ್ಲಿ ಟೈರಿಗೆ ಲೇಬಲ್ ಕಡ್ಡಾಯ. 2021ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಲೇಬಲ್ಲಿನಲ್ಲಿ ಇಂಧನಕ್ಕೆ ಒಂದು ದರ್ಜೆ, ಒದ್ದೆ ಹಿಡಿತಕ್ಕೆ ಇನ್ನೊಂದು ದರ್ಜೆ, ಎ ಯಿಂದ ಇ ವರೆಗೆ. ಜೊತೆಗೆ ಹೊರಗೆ ಕೇಳುವ ಸದ್ದಿನ ಡೆಸಿಬಲ್. ಜರ್ಮನಿಯ ವಾಹನ ಮಾಲೀಕರ ಸಂಸ್ಥೆ ಎಡಿಎಸಿ ವರ್ಷವರ್ಷವೂ ಟೈರುಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತದೆ. ನಮ್ಮಲ್ಲಿ ಐಎಸ್‌ಐ ಗುರುತು ಕಡ್ಡಾಯ, ಎಐಎಸ್ 142 ಎಂಬ ಮಾನದಂಡದಲ್ಲಿ ಉರುಳು ಪ್ರತಿರೋಧ, ಒದ್ದೆ ಹಿಡಿತ, ಸದ್ದು ಮೂರಕ್ಕೂ ಮಿತಿಗಳಿವೆ. ಅದು ಪಾಸೋ ಫೇಲೋ ಎಂಬ ಪರೀಕ್ಷೆ. ಪಾಸಾದವರಲ್ಲಿ ಯಾರಿಗೆ ಎಷ್ಟು ಅಂಕ ಎಂಬುದು ಗ್ರಾಹಕನಿಗೆ ಕಾಣುವುದಿಲ್ಲ. ಫ್ರಿಜ್ಜಿನ ಮೇಲೆ ಇರುವಂಥ ಬಿಇಇ ನಕ್ಷತ್ರದ ಲೇಬಲ್ ಈಗ ಕೆಲವು ಟೈರುಗಳ ಮೇಲೂ ಬಂದಿದೆ. ಅದನ್ನು ಓದುವಾಗ ಎಚ್ಚರ: ಆ ನಕ್ಷತ್ರಗಳು ಹೇಳುವುದು ಇಂಧನ ಉಳಿತಾಯವನ್ನು. ಐದು ನಕ್ಷತ್ರ ಇದ್ದರೆ ಮಳೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ ಎಂದು ಅರ್ಥವಲ್ಲ. ಒದ್ದೆ ಹಿಡಿತದ ದರ್ಜೆಯನ್ನು ಟೈರಿನ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಿಸುವುದು ಮಳೆಯ ಈ ದೇಶದಲ್ಲಿ ಮೊದಲು ಆಗಬೇಕಾದ ಕೆಲಸ. ಗ್ರಾಹಕರು ಕೇಳದೆ ಅದು ಆಗುವುದಿಲ್ಲ.

ಅಲ್ಲಿಯವರೆಗೆ ದಾರಿ ಒಂದಿದೆ. ನೀವು ನೋಡುತ್ತಿರುವ ಟೈರಿನ ಪ್ಯಾಟರ್ನಿನ ಹೆಸರು ಮತ್ತು ನಿಮ್ಮ ಅಳತೆ ಎರಡನ್ನೂ ಹಿಡಿದು ಯುರೋಪಿನ ದರ್ಜೆ ಏನೆಂದು ಹುಡುಕಿ. ಅಲ್ಲಿಗೂ ಇಲ್ಲಿಗೂ ಬೇರೆ ಕಾರ್ಖಾನೆಗಳಲ್ಲಿ ತಯಾರಾದದ್ದಾದರೆ ರಬ್ಬರಿನ ಮಿಶ್ರಣ ಬೇರೆ ಇರಬಹುದು, ಆದ್ದರಿಂದ ಅದನ್ನು ಅಂದಾಜು ಎಂದು ಮಾತ್ರ ತೆಗೆದುಕೊಳ್ಳಿ. ಕಾರಿನ ಜೊತೆ ಷೋರೂಮಿನಿಂದ ಬಂದ ಟೈರನ್ನೇ ಮತ್ತೆ ಹಾಕಿಸಬೇಕೆಂಬ ನಿಯಮವೇನೂ ಇಲ್ಲ. ಕಾರು ತಯಾರಕರು ಮೈಲೇಜಿನ ಅಂಕಿ ಚೆನ್ನಾಗಿ ಬರಲಿ ಎಂದು ಹಗುರವಾದ, ಕಡಿಮೆ ಪ್ರತಿರೋಧದ ಟೈರುಗಳ ಕಡೆಗೆ ಒಲಿಯುವುದುಂಟು. ನಿಮ್ಮ ಆದ್ಯತೆ ಬೇರೆ ಇರಬಹುದು.

ನಿಮ್ಮ ದಾರಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಸಕಲೇಶಪುರದಿಂದ ಗುಂಡ್ಯದವರೆಗೆ ಶಿರಾಡಿಯ ಇಳಿಜಾರಿನಲ್ಲಿ ಲಾರಿ, ಟ್ಯಾಂಕರುಗಳ ಸಾಲು ಮುಗಿಯುವುದೇ ಇಲ್ಲ. ಜೂನ್‌ನ ಮೊದಲ ಮಳೆಗಳು ಬಿದ್ದಾಗ ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ನೀರಿನೊಡನೆ ಬೆರೆತು ಜಾರು ಪದರವಾಗುತ್ತದೆ; ಜೋರು ಮಳೆ ಬಿದ್ದು ತೊಳೆದ ಮೇಲೆ ರಸ್ತೆ ತುಸು ವಾಸಿ. ಆಮೇಲೆ ಜುಲೈ ಬರುತ್ತದೆ, ಗುಡ್ಡದಿಂದ ಇಳಿದ ಕೆಂಪು ಮಣ್ಣಿನ ನೀರು ತಿರುವಿನಲ್ಲಿ ರಸ್ತೆ ದಾಟುತ್ತಿರುತ್ತದೆ. ಇಳಿಜಾರಿನಲ್ಲಿ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳ ಹಿಡಿತ ಮೊದಲೇ ಕಡಿಮೆಯಾಗಿರುತ್ತದೆ. ಘಾಟಿ ಇಳಿದ ಮೇಲೆ ಉಪ್ಪಿನಂಗಡಿ, ಬಂಟ್ವಾಳದ ಕಡೆ ರಸ್ತೆ ಅಗಲವಾಗಿ ವೇಗ ತಾನಾಗಿ ಏರುತ್ತದೆ, ಮಳೆ ಮಾತ್ರ ಅಷ್ಟೇ ಇರುತ್ತದೆ. ಅಲ್ಲಿ ಬೇರೊಂದು ಅಪಾಯ ಕಾದಿರುತ್ತದೆ: ಚಕ್ರದ ಕೆಳಗಿನ ನೀರು ಪಕ್ಕಕ್ಕೆ ಹೋಗಲು ಸಮಯ ಸಿಗದೆ ಟೈರು ನೀರಿನ ಮೇಲೆ ತೇಲುವುದು. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕಿಗೆ ಅರ್ಥವೇ ಉಳಿಯುವುದಿಲ್ಲ. ನೀರನ್ನು ಪಕ್ಕಕ್ಕೆ ದೂಡುವುದು ಬಟನ್ನುಗಳ ನಡುವಿನ ಸೀಳು. ಹೊಸ ಟೈರಿನಲ್ಲಿ ಅದು ಏಳೆಂಟು ಮಿಲಿಮೀಟರ್ ಆಳ ಇರುತ್ತದೆ. ಸೀಳುಗಳ ತಳದಲ್ಲಿ ಅಡ್ಡವಾಗಿ ಸಣ್ಣ ರಬ್ಬರಿನ ದಿಣ್ಣೆಗಳಿವೆ ನೋಡಿ, ಅವುಗಳ ಎತ್ತರ 1.6 ಮಿಲಿಮೀಟರ್. ಬಟನ್ ಸವೆದು ಆ ದಿಣ್ಣೆಗೆ ಸಮನಾದರೆ ಕಾನೂನಿನ ಪ್ರಕಾರವೇ ಟೈರಿನ ಆಯುಸ್ಸು ಮುಗಿಯಿತು. ಆದರೆ ಕರಾವಳಿ, ಮಲೆನಾಡಿನ ಮಳೆಗೆ ಓಡಿಸುವವರು ಮೂರು ಮಿಲಿಮೀಟರಿಗೇ ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಮಿಲಿಮೀಟರ್ ಉಳಿದಿರುವ ದುಬಾರಿ ಟೈರಿಗಿಂತ ಪೂರ್ತಿ ಬಟನ್ ಇರುವ ಐದು ಸಾವಿರದ ಹೊಸ ಟೈರು ನಿಂತ ನೀರಿನಲ್ಲಿ ನಿಮ್ಮನ್ನು ಚೆನ್ನಾಗಿ ಕಾಯುತ್ತದೆ.

ಗಾಳಿಯ ಒತ್ತಡವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾದಲ್ಲಿ ವಿಮಾನದ ಟೈರುಗಳನ್ನು ನೀರು ನಿಂತ ರನ್‌ವೇ ಮೇಲೆ ಪರೀಕ್ಷಿಸಿದವರು, ಟೈರು ತೇಲಲು ಶುರುವಾಗುವ ವೇಗ ಅದರೊಳಗಿನ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂದು ಕಂಡುಕೊಂಡರು. ಆ ಸೂತ್ರಕ್ಕೆ 32 ಪಿಎಸ್‌ಐ ಹಾಕಿದರೆ ಗಂಟೆಗೆ ಸುಮಾರು 94 ಕಿಲೋಮೀಟರ್ ಬರುತ್ತದೆ, 25 ಹಾಕಿದರೆ 83. ಕಾರಿನ ಟೈರಿಗೆ ಈ ಅಂಕಿ ಹಾಗೆಹಾಗೇ ಹೊಂದುವುದಿಲ್ಲ, ನೀರಿನ ಆಳ, ಸೀಳಿನ ಆಳ, ಟೈರಿನ ಅಗಲ ಎಲ್ಲ ಸೇರುತ್ತವೆ. ಗಾಳಿ ಇಳಿದಷ್ಟೂ ಕಡಿಮೆ ವೇಗಕ್ಕೇ ಟೈರು ತೇಲುತ್ತದೆ ಎನ್ನುವುದು ಮಾತ್ರ ಕಾರಿಗೂ ನಿಜ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ಹಾಕಿಸಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಮಾಮೂಲಿ ಗಾಳಿಯಲ್ಲೇ 78 ಶೇಕಡ ನೈಟ್ರೋಜನ್ ಇದೆ.

ದುಬಾರಿ ಟೈರು ನಿಮ್ಮನ್ನು ಕಾಪಾಡದ ಜಾಗವೂ ಒಂದಿದೆ: ರಸ್ತೆಯ ಗುಂಡಿ. ಟೈರಿನ ಮೇಲ್ಭಾಗದಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಪಕ್ಕದ ಗೋಡೆಯಲ್ಲಿ ಇರುವುದು ನೂಲಿನ ಎಳೆಗಳು ಮಾತ್ರ. ವೇಗದಲ್ಲಿ ಗುಂಡಿಗೆ ಬಿದ್ದಾಗ ಪಕ್ಕದ ಗೋಡೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎಳೆಗಳು ತುಂಡಾಗುತ್ತವೆ, ಒಳಗಿನ ಗಾಳಿ ಅಲ್ಲಿ ಹೊರಕ್ಕೆ ಒತ್ತಿ ಉಬ್ಬು ಬರುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಅದನ್ನು ಎಸೆಯಲೇಬೇಕು. ಸುಖಪ್ರಯಾಣಕ್ಕೆಂದು ಮಾಡಿದ ಹಲವು ಮೇಲ್ದರ್ಜೆಯ ಟೈರುಗಳ ಪಕ್ಕದ ಗೋಡೆ ಮೃದು. ಸಣ್ಣಪುಟ್ಟ ಏರುತಗ್ಗು ಮೈಗೆ ತಾಗದೇ ಇರುವುದು ಅದರಿಂದಲೇ, ಗುಂಡಿಯ ಏಟಿಗೆ ಬೇಗ ಸೋಲುವುದೂ ಅದರಿಂದಲೇ. ನಿಮ್ಮ ನಿತ್ಯದ ಓಡಾಟ ಡಾಂಬರು ಕಿತ್ತುಹೋದ ಹಳ್ಳಿ ರಸ್ತೆಯಲ್ಲಿದ್ದರೆ ಎಂಟು ಸಾವಿರದ ಟೈರೊಂದು ಆರನೇ ತಿಂಗಳಲ್ಲೇ ಉಬ್ಬಿದರೆ ಆಗುವ ಸಂಕಟವನ್ನೂ ಎಣಿಸಿಕೊಳ್ಳಿ. ಕೆಲವು ಕಂಪನಿಗಳು ಇಂಥ ಹಾನಿಗೂ ಸೀಮಿತ ಅವಧಿಯ ವಾರಂಟಿ ಕೊಡುತ್ತವೆ. ಬಿಲ್ ಆದ ದಿನವೇ ನೋಂದಾಯಿಸಿಕೊಳ್ಳಬೇಕೇ ಎಂದು ಅಂಗಡಿಯಲ್ಲಿ ಕೇಳಿ, ಆ ಬಿಲ್ಲನ್ನು ಕಾರಿನ ಕಾಗದಗಳ ಜೊತೆಯೇ ಇಡಿ.

ಬೆಲೆ ಕೇಳುವುದಕ್ಕಿಂತ ಮೊದಲು ನೋಡಬೇಕಾದದ್ದು ಟೈರಿನ ವಯಸ್ಸು. ಪಕ್ಕದ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಓಡದೆ ಇದ್ದರೂ ಬಿಸಿಲಿಗೆ, ಗಾಳಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಗಟ್ಟಿಯಾದಷ್ಟೂ ನೀವು ಹಣ ಕೊಟ್ಟ ಆ ಒದ್ದೆ ಹಿಡಿತ ಕಡಿಮೆಯಾಗುತ್ತದೆ. ಆಮದಾದ, ನಿಧಾನ ಮಾರಾಟವಾಗುವ ಅಳತೆಗಳಲ್ಲಿ ಹಳೆಯ ಮಾಲು ಸಿಗುವ ಸಂಭವ ಹೆಚ್ಚು. ರಿಯಾಯಿತಿ ದೊಡ್ಡದಾಗಿದ್ದರೆ ಮೊದಲು ಆ ನಾಲ್ಕು ಅಂಕಿ ಓದಿ. ಆರು ತಿಂಗಳೊಳಗಿನದು ಒಳ್ಳೆಯದು, ಒಂದು ವರ್ಷ ದಾಟಿದ್ದರೆ ಬೇಡ ಎನ್ನಿ. ನಾಲ್ಕೂ ಟೈರಿನ ಅಂಕಿ ನೋಡಿ, ಒಂದನ್ನು ತೋರಿಸಿ ಇನ್ನೊಂದನ್ನು ಹಾಕುವುದು ನಡೆಯುತ್ತದೆ. ಹಾಗೆಯೇ ಅಳತೆಯ ಪಕ್ಕದ 88ಎಚ್ ಎಂಬಂಥ ಗುರುತು. 88 ಎಂದರೆ ಆ ಟೈರು 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗ ತಡೆಯಬಲ್ಲದು. ಕಾರಿನ ಕೈಪಿಡಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿನದು ಇದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು.

ಹಣದ ಬಿಗಿ ಇದ್ದು ಈಗ ಎರಡೇ ಟೈರು ಹಾಕಿಸುವುದಾದರೆ ಹೊಸ ಎರಡನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಅಂಗಡಿಯಲ್ಲಿ ಬೇಡ ಎನ್ನುತ್ತಾರೆ. ಎಳೆಯುವುದು ಮುಂದಿನ ಚಕ್ರ, ಬ್ರೇಕಿನ ಭಾರ ಬೀಳುವುದೂ ಮುಂದೆ, ಹೊಸದು ಮುಂದೆಯೇ ಇರಲಿ ಎಂದು ವಾದಿಸುತ್ತಾರೆ. ಟೈರು ಕಂಪನಿಗಳೇ ಇದಕ್ಕೆ ವಿರುದ್ಧ ಸಲಹೆ ಕೊಡುತ್ತವೆ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸರಿಯುತ್ತದೆ, ನೀವು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ, ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಆಗ ಕಾಲು ತೆಗೆದರೆ ಅದು ಇನ್ನಷ್ಟು ಸುತ್ತುತ್ತದೆ. ನಮ್ಮಂಥ ಸಾಮಾನ್ಯ ಚಾಲಕರ ಕೈಗೆ ಅದು ಸಿಗುವುದಿಲ್ಲ.

ಪೇಟೆಯೊಳಗೆ ಮಾತ್ರ ಓಡುವ, ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ದಾಟದ ಕಾರಿನವರು ಕೇಳಿದ್ದರೆ ನಾನು ದೇಶೀ ಕಂಪನಿಯ ಟೈರು ಹಾಕಿಸಿ, ಉಳಿದ ಹಣವನ್ನು ಹಾಗೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ಅಂಥ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ವಯಸ್ಸಾಗಿ ಬದಲಿಸಬೇಕಾಗುತ್ತದೆ; ಐದಾರು ವರ್ಷ ದಾಟಿದ ಟೈರನ್ನು ಬಟನ್ ಚೆನ್ನಾಗಿದ್ದರೂ ನಂಬಬಾರದು. ಕಲಬುರಗಿ, ರಾಯಚೂರಿನ ಕಡೆ ಒಣ ರಸ್ತೆಯಲ್ಲಿ ಓಡಿಸುವವರಿಗೆ ಒದ್ದೆ ಹಿಡಿತಕ್ಕಿಂತ ಬೇಸಿಗೆಯ ಕಾವು ದೊಡ್ಡ ಶತ್ರು. ಗಾಳಿ ಕಡಿಮೆ ಇರುವ ಟೈರು ಹೆಚ್ಚು ಮಡಿಚಿ ಹೆಚ್ಚು ಕಾಯುತ್ತದೆ, ಅವರು ಬ್ರ್ಯಾಂಡಿಗಿಂತ ಗಾಳಿಗೆ ಗಮನ ಕೊಡಲಿ.

ನಿಮ್ಮ ಮಾತು ಬೇರೆ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಮೇಲೆ ಹೇಳಿದ 25 ಪೈಸೆಯ ಲೆಕ್ಕದಲ್ಲಿ ಒಂದು ಸಲ ಘಾಟಿ ಇಳಿದು ಮಂಗಳೂರು ಸೇರುವುದಕ್ಕೆ ನೀವು ಹೆಚ್ಚಿಗೆ ಕೊಡುವುದು 42 ರೂಪಾಯಿ, ಅದರಲ್ಲಿ ಒಂದಿಷ್ಟು ಪೆಟ್ರೋಲಿನಲ್ಲಿ ಉಳಿಯಲೂಬಹುದು. ಕಾರಿನಲ್ಲಿ ಮನೆಮಂದಿಯೆಲ್ಲ ಇರುತ್ತಾರೆ, ಮಳೆ ಇರುತ್ತದೆ, ಎದುರಿಗೆ ಲಾರಿ ಇರುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಕೊಡುತ್ತೇನೆ. ಯುರೋಪಿನ ಲೇಬಲ್ಲಿನಲ್ಲಿ ಒದ್ದೆ ಹಿಡಿತಕ್ಕೆ ಎ ಅಥವಾ ಬಿ ದರ್ಜೆ ಇರುವ ಪ್ಯಾಟರ್ನನ್ನೇ ಕೇಳಿ. ಅದು ಹೊಸ ಮಾಲಾಗಿ ಸಿಗದಿದ್ದರೆ ದೇಶೀ ಕಂಪನಿಯೊಂದರ ಮೇಲ್ದರ್ಜೆಯ ಟೈರನ್ನು ಆರು ಸಾವಿರದ ಆಚೀಚೆ ಕೊಂಡುಕೊಳ್ಳಿ, ಹಳೆಯ ಮಾಲಿನ ದುಬಾರಿ ಟೈರು ಮಾತ್ರ ಬೇಡ. ಬೆಲೆ ಹೇಳುವಾಗ ಹಳೆಯ ಪಟ್ಟಿ ತೋರಿಸಿದರೆ, 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ ಎಂದು ನೆನಪಿಸಿ. ಫಿಟ್ಟಿಂಗ್ ಆದ ಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಅಲ್ಲೇ ಮಾಡಿಸಿ. ಹೊಸ ಟೈರಿನ ಮೇಲ್ಮೈಗೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಇನ್ನೂ ಅಂಟಿರುತ್ತದೆ, ಅದು ಸವೆದು ಪೂರ್ತಿ ಹಿಡಿತ ಬರಲು ಮುನ್ನೂರು ಕಿಲೋಮೀಟರಾದರೂ ಬೇಕು. ಆದ್ದರಿಂದ ಮೇ ತಿಂಗಳಲ್ಲೇ ಹಾಕಿಸಿ, ಹಾಸನದ ಸುತ್ತಮುತ್ತ ನಿಧಾನವಾಗಿ ಓಡಿಸಿಕೊಂಡು ಆಮೇಲೆ ಶಿರಾಡಿಗೆ ಇಳಿಯಿರಿ.